ಹಿನ್ನೀರಿನ ದೋಣಿಗೆ ಗಾಳಿಯಂತ್ರವೋ, ಸೋಲಾರೋ?

ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುತ್ತ ದೋಣಿಯಲ್ಲೇ ರಾತ್ರಿ ತಂಗುವ ನಿಮಗೆ ಎರಡು ದೀಪ, ಒಂದು ಫ್ಯಾನು ಮತ್ತು ಮೊಬೈಲ್ ಚಾರ್ಜಿಂಗ್‌ಗಾಗಿ ಗಾಳಿಯಂತ್ರ ಬೇಕೋ, ಸೋಲಾರ್ ಬೇಕೋ ಅಥವಾ ಎರಡೂ ಇರಲೋ ಎಂಬ ಪ್ರಶ್ನೆಯಿದೆ. ಬೀಳಗಿ ಕಡೆಯ ದಂಡೆಯಲ್ಲಿ ನಾನು ಎರಡನ್ನೂ ಹಾಕಿಸಿ ನಷ್ಟ ಅನುಭವಿಸಿದ್ದೇನೆ.

ಆಷಾಢದ ಗಾಳಿಯನ್ನು ನಂಬಿ 400 ವ್ಯಾಟ್‌ನ ಪುಟ್ಟ ಟರ್ಬೈನ್ ತಂದೆ. ಆ 400 ವ್ಯಾಟ್ ಸಿಗುವುದು ಗಾಳಿ ಸೆಕೆಂಡಿಗೆ 12.5 ಮೀಟರ್ ವೇಗದಲ್ಲಿ ಬೀಸಿದಾಗ ಮಾತ್ರ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರಿಳಿಯುವುದರಿಂದ, ವೇಗ 4 ಮೀಟರ್‌ಗೆ ಇಳಿದರೆ ಹೆಚ್ಚೆಂದರೆ 13 ವ್ಯಾಟ್ ಉಳಿಯುತ್ತದೆ. ದೀಪಾವಳಿ ಕಳೆದ ಮೇಲೆ ರೆಕ್ಕೆಗಳು ಎಷ್ಟೋ ದಿನ ಅಲುಗಾಡದೆ ನಿಂತಿರುತ್ತಿದ್ದವು.

ಆದರೆ ನನ್ನನ್ನು ಕೆಡಿಸಿದ್ದು ಟರ್ಬೈನ್ ಅಲ್ಲ, ಅದರ ಕಂಬ. ಛಾವಣಿಯ ಮೇಲೆ 100 ವ್ಯಾಟ್‌ನ ಎರಡು ಪ್ಯಾನೆಲ್‌ಗಳನ್ನು ಉದ್ದಕ್ಕೆ ಮಲಗಿಸಿ, ಅವುಗಳ ದಕ್ಷಿಣದ ತುದಿಗೆ ಹತ್ತು ಅಡಿಯ ಕಬ್ಬಿಣದ ಕೊಳವೆ ನಿಲ್ಲಿಸಿದ್ದೆ. ಕೆಲಸ ಮುಗಿದದ್ದು ಮೇ ತಿಂಗಳಲ್ಲಿ. ನಮ್ಮ ಊರು 16 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಆಗ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಕಂಬದ ನೆರಳು ಬುಡದಲ್ಲೇ ಮುದುಡಿಕೊಂಡಿರುತ್ತದೆ. ಎಳ್ಳಮಾಸೆಯ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿ, ಅದೇ ನೆರಳು ಎಂಟು ಅಡಿ ಉದ್ದಕ್ಕೆ ಚಾಚಿ, ಬಿಸಿಲು ಹದವಾಗಿರುವ ಎರಡು ತಾಸು ಪ್ಯಾನೆಲ್‌ಗಳ ನಟ್ಟನಡುವೆ ಮಲಗತೊಡಗಿತು. ಮೂರು ಇಂಚು ಅಗಲದ ನೆರಳು ಏನು ಮಾಡೀತು ಎಂದು ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪ್ಯಾನೆಲ್‌ನ ಕೋಶಗಳೆಲ್ಲ ಒಂದರ ಹಿಂದೊಂದು ಸರಣಿಯಾಗಿ ಜೋಡಣೆಯಾಗಿರುತ್ತವೆ. ಹೊಲಗಾಲುವೆಯಲ್ಲಿ ಒಂದು ಕಡೆ ಮಣ್ಣು ಕುಸಿದರೆ ಕೆಳಗಿನ ಮಡಿಗಳಿಗೆಲ್ಲ ನೀರು ಕಡಿಮೆಯಾಗುವಂತೆ, ಒಂದು ಕೋಶ ಮುಚ್ಚಿದರೂ ಇಡೀ ಸಾಲಿನ ಕರೆಂಟು ಕುಗ್ಗುತ್ತದೆ. ಎಂಟು ಆಂಪಿಯರ್ ತೋರಿಸಬೇಕಿದ್ದ ಮೀಟರ್ ಮೂರಕ್ಕೆ ಇಳಿದಿತ್ತು. ಕಂಬದ ಬುಡ ಸಡಿಲಿಸಿ ಅದನ್ನು ಪಕ್ಕಕ್ಕೆ ಒರಗಿಸಿದ ಕೂಡಲೇ ಮುಳ್ಳು ಮೇಲೆದ್ದಿತು. ಅಷ್ಟರಲ್ಲಿ ಕಾಲ ಮಿಂಚಿತ್ತು. ಲೆಡ್ ಆಸಿಡ್ ಬ್ಯಾಟರಿ ತಿಂಗಳುಗಟ್ಟಲೆ ಪೂರ್ತಿ ತುಂಬದೆ ಅರೆಹೊಟ್ಟೆಯಲ್ಲೇ ಇದ್ದರೆ ಅದರ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಹೊಸ ಬ್ಯಾಟರಿ ಒಂದು ವರ್ಷವೂ ಬಾಳಲಿಲ್ಲ.

ಆದ್ದರಿಂದ 'ಎರಡೂ ಇದ್ದರೆ ಭದ್ರ' ಎಂಬ ನಿಮ್ಮ ಎಣಿಕೆಯನ್ನು ನಾನು ಒಪ್ಪುವುದಿಲ್ಲ. ನೀವು ಹೇಳಿದ ಬಳಕೆಗೆ 200 ವ್ಯಾಟ್ ಸೋಲಾರ್ ಸಾಕು. ಟರ್ಬೈನ್‌ಗೆ ಎತ್ತಿಟ್ಟ ಹಣವನ್ನು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಹಾಕಿರಿ. ಮೋಡದ ದಿನಗಳಲ್ಲಿ ಅರ್ಧ ತುಂಬಿದರೂ ಅದು ಕೆಡುವುದಿಲ್ಲ. ಬಲೆ ಒಣಹಾಕುವ ಬಿದಿರನ್ನೂ ಪ್ಯಾನೆಲ್‌ನ ಉತ್ತರಕ್ಕೇ ಕಟ್ಟಿರಿ. ಛಾವಣಿಯ ಅಳತೆಯನ್ನೂ, ದಂಡೆಗೆ ದೋಣಿ ಕಟ್ಟುವಾಗ ಅದರ ಮುಖ ಯಾವ ದಿಕ್ಕಿಗಿರುತ್ತದೆ ಎಂಬುದನ್ನೂ ತಿಳಿಸಿದರೆ, ಪ್ಯಾನೆಲ್‌ಗಳನ್ನು ಎಲ್ಲಿ ಕೂರಿಸಬೇಕೆಂದು ಬರೆಯುತ್ತೇನೆ.