‘ನಿಮಗೆ ತೋಚಿದಷ್ಟು ಕೊಡಿ’ ಎನ್ನುತ್ತಿದ್ದ ಛಾಯಾಗ್ರಾಹಕಿ

(ಸಲಹಾರ್ಥಿಯ ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಸಲಹಾರ್ಥಿಗೆ 27 ವರ್ಷ. ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಉದ್ಯೋಗದಲ್ಲಿದ್ದ ಅವರು ರಜಾದಿನಗಳಲ್ಲಿ ಪರಿಚಿತರ ಸಮಾರಂಭಗಳ ಮತ್ತು ಸಣ್ಣ ವ್ಯಾಪಾರಿಗಳ ಸರಕಿನ ಫೋಟೊ ತೆಗೆಯುತ್ತಿದ್ದರು. ಛಾಯಾಗ್ರಹಣವನ್ನೇ ವೃತ್ತಿಯಾಗಿಸಿಕೊಳ್ಳುವ ಆಸೆ ಬಲವಾಗಿದ್ದರೂ, ತಮ್ಮ ಪ್ರತಿಭೆಯೂ ಸಾಲದು, ಕ್ಯಾಮೆರಾವೂ ಸಾಲದು ಎಂಬ ಅಳುಕಿನಿಂದ ನಿದ್ದೆಗೆಟ್ಟಿದ್ದ ಅವರು, ಸಾಲ ಮಾಡಿಯಾದರೂ ದೊಡ್ಡ ಸೆನ್ಸರಿನ ದುಬಾರಿ ಫುಲ್‌ಫ್ರೇಮ್ ಕ್ಯಾಮೆರಾ ಕೊಂಡುಬಿಡಬೇಕೇ ಎಂದು ಕೇಳಲು ಬಂದಿದ್ದರು.

ಚಿತ್ರಗಳ ಗುಣಮಟ್ಟವನ್ನು ಅಳೆಯುವುದು ಆಪ್ತಸಲಹೆಗಾರರ ಕೆಲಸವಲ್ಲ. ಆದ್ದರಿಂದ ಗ್ರಾಹಕರೊಂದಿಗೆ ಅವರು ನಡೆಸಿದ ಸಂದೇಶ ವಿನಿಮಯವನ್ನು ತೋರಿಸುವಂತೆ ಕೇಳಿದೆ. ಹಣದ ಮಾತು ಬಂದಲ್ಲೆಲ್ಲ ‘ನಿಮಗೆ ತೋಚಿದಷ್ಟು ಕೊಡಿ’ ಎಂಬ ಒಂದೇ ಉತ್ತರವಿತ್ತು. ಅದರ ಕೆಳಗೆ ‘ಸ್ವಲ್ಪ ಬೆಳ್ಳಗೆ ಮಾಡಿಕೊಡಿ’, ‘ಹಿಂದೆ ನಿಂತವರನ್ನು ತೆಗೆದುಬಿಡಿ’, ‘ತೆಗೆದದ್ದನ್ನೆಲ್ಲ ಕಳಿಸಿ, ನಾವೇ ಆರಿಸಿಕೊಳ್ಳುತ್ತೇವೆ’ ಎಂಬ ಬೇಡಿಕೆಗಳು ಸಾಲುಗಟ್ಟಿದ್ದವು. ಪ್ರತಿಯೊಂದಕ್ಕೂ ‘ಆಯ್ತು’ ಎಂದು ಉತ್ತರಿಸಲಾಗಿತ್ತು. ಬೆಲೆ ಹೇಳಿದರೆ ಎದುರಿನವರು ತಮ್ಮನ್ನು ದುರಾಸೆಯವಳೆಂದುಕೊಳ್ಳುತ್ತಾರೆ ಎಂಬ ಭಯವನ್ನು ಅವರು ಎರಡನೆಯ ಭೇಟಿಯಲ್ಲಿ ತಾವಾಗಿಯೇ ಹೇಳಿಕೊಂಡರು. ದುಬಾರಿ ಕ್ಯಾಮೆರಾ ಕೈಯಲ್ಲಿದ್ದರೆ ಬೆಲೆಯನ್ನು ಅದೇ ಹೇಳೀತು ಎಂಬುದು ಅವರ ಒಳಗಿನ ನಿರೀಕ್ಷೆಯಾಗಿತ್ತೆಂದು ನನಗನಿಸಿತು.

ಕ್ಯಾಮೆರಾ ಖರೀದಿಯನ್ನು ಸದ್ಯಕ್ಕೆ ಮುಂದೂಡಲು ಹೇಳಿದೆ. ಅಪರೂಪಕ್ಕೆ ಬೇಕಾಗುವ ಲೆನ್ಸನ್ನು ಬಾಡಿಗೆಗೆ ತರಬಹುದು. ಆದರೆ ಹೆಚ್ಚುವರಿ ಮೆಮೊರಿ ಕಾರ್ಡ್ ಮತ್ತು ಹಾರ್ಡ್ ಡಿಸ್ಕ್‌ಗಳ ವಿಷಯದಲ್ಲಿ ಜಿಪುಣತನ ಸಲ್ಲದು, ಏಕೆಂದರೆ ಸಮಾರಂಭದ ಫೈಲುಗಳು ಕಳೆದುಹೋದರೆ ಆ ದಿನವನ್ನು ಮತ್ತೆ ತೆಗೆಯಲಾಗದು. ಒಂದು ಪ್ರತಿಯಾದರೂ ಬೇರೆ ಸ್ಥಳದಲ್ಲಿರಬೇಕು.

ಇನ್ನೊಬ್ಬರ ಲೆಕ್ಕವನ್ನು ದಿನವಿಡೀ ಬರೆಯುವವರು ತಮ್ಮದನ್ನು ಬರೆದಿರಲೇ ಇಲ್ಲ! ಮುಂದಿನ ಕೆಲಸದಲ್ಲಿ ಫೋಟೊ ತೆಗೆದ ಸಮಯವನ್ನಷ್ಟೇ ಅಲ್ಲದೆ ಪ್ರಯಾಣ, ಆಯ್ಕೆ, ರಾ ಫೈಲುಗಳ (ಕ್ಯಾಮೆರಾ ಕೊಡುವ ಕಚ್ಚಾ ಚಿತ್ರಗಳ) ಸಂಸ್ಕರಣೆ ಮತ್ತು ತಿದ್ದುಪಡಿಗೆ ಹಿಡಿದ ಗಂಟೆಗಳನ್ನೂ ಬರೆದಿಡಲು, ಅದಕ್ಕೆ ಉಪಕರಣದ ಸವಕಳಿ, ದುರಸ್ತಿ ಮತ್ತು ತಂತ್ರಾಂಶದ ಚಂದಾವನ್ನು ಸೇರಿಸಿ ದರ ನಿಗದಿಪಡಿಸಲು ಸೂಚಿಸಿದೆ. ಹೀಗೆ ಸಿಕ್ಕ ಮೊತ್ತವನ್ನು ನನ್ನೆದುರು ಗಟ್ಟಿಯಾಗಿ ಹೇಳಿ, ನಂತರ ಸುಮ್ಮನಿರುವುದನ್ನು ಅಭ್ಯಾಸ ಮಾಡಿಸಿದೆ. ಮೊದಮೊದಲು ಮೊತ್ತ ಹೇಳಿದ ಉಸಿರಿನಲ್ಲೇ ‘ಬೇಕಾದರೆ ಕಡಿಮೆ ಮಾಡೋಣ’ ಎಂದು ಸೇರಿಸಿಬಿಡುತ್ತಿದ್ದರು.

ಒಪ್ಪಂದವನ್ನು ಒಂದೇ ಪುಟದಲ್ಲಾದರೂ ಬರೆದುಕೊಳ್ಳಬೇಕೆಂದು ಹೇಳಿದೆ. ಎಷ್ಟು ಚಿತ್ರ, ಯಾವಾಗ ಒಪ್ಪಿಸುವುದು, ಎಷ್ಟು ಸಲ ತಿದ್ದುವುದು, ಮುಂಗಡವೆಷ್ಟು, ಚಿತ್ರಗಳನ್ನು ಯಾರು ಎಲ್ಲಿ ಬಳಸಬಹುದು ಎಂಬುದೆಲ್ಲ ಅದರಲ್ಲಿರಬೇಕು. ಹಕ್ಕಿನ ಮಾತೆತ್ತುವುದು ಅಹಂಕಾರವಾಗದೇ ಎಂದು ಅವರು ಹಿಂಜರಿದಾಗ, 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ತಿಯೇ-ಬ್ರೆಸಾನ್ ಮೊದಲಾದ ಹೆಸರಾಂತ ಛಾಯಾಗ್ರಾಹಕರು ಕಟ್ಟಿದ ಮ್ಯಾಗ್ನಂ ಎಂಬ ಛಾಯಾಗ್ರಾಹಕರ ಸಹಕಾರ ಸಂಸ್ಥೆಯನ್ನು ನೆನಪಿಸಿದೆ. ಚಿತ್ರದ ಹಕ್ಕು ತೆಗೆದವರಲ್ಲೇ ಉಳಿಯಬೇಕೆಂಬುದು ಅದರ ಮೂಲ ಆಶಯಗಳಲ್ಲಿ ಒಂದು. ಆದರೆ ಕೇಳಿ ಮಾಡಿಸಿಕೊಂಡ ಚಿತ್ರದ ಒಡೆತನ ಯಾರದೆಂಬುದು ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಬರಹದ ಒಪ್ಪಂದವೇ ಕ್ಷೇಮ.

ಪೋರ್ಟ್‌ಫೋಲಿಯೊದಲ್ಲಿ (ಗ್ರಾಹಕರಿಗೆ ತೋರಿಸುವ ಮಾದರಿ ಚಿತ್ರಗಳ ಸಂಗ್ರಹದಲ್ಲಿ) ಕಂಡದ್ದನ್ನೆಲ್ಲ ತುಂಬದೆ, ತಾವು ಮಾಡಬಯಸುವ ಬಗೆಯ ಇಪ್ಪತ್ತರಷ್ಟು ಚಿತ್ರಗಳನ್ನು ಮಾತ್ರ ಇಡುವಂತೆ ತಿಳಿಸಿದೆ. ಅನುಭವಿ ಛಾಯಾಗ್ರಾಹಕರ ಬಳಿ ಸಹಾಯಕಿಯಾಗಿ ದುಡಿದರೆ ಬೆಳಕಿನ ಪಾಠಕ್ಕಿಂತ ಹೆಚ್ಚಾಗಿ, ಗ್ರಾಹಕರು ಸಿಡಿಮಿಡಿಗೊಂಡಾಗ ಏನು ಮಾಡಬೇಕೆಂಬುದು ಕಣ್ಣಾರೆ ಕಾಣಸಿಗುತ್ತದೆ. ಕನಿಷ್ಠ ಆರು ತಿಂಗಳ ಖರ್ಚು ಕೈಯಲ್ಲಿರದೆ ಉದ್ಯೋಗ ಬಿಡಬಾರದೆಂಬ ಮಾತಿಗೆ ಅವರು ಬೇಸರಗೊಂಡರು. ಅದನ್ನು ನಾನು ಸಡಿಲಿಸಲಿಲ್ಲ.

ಇತ್ತೀಚಿನ ಭೇಟಿಯ ಹೊತ್ತಿಗೆ, ದರ ಕೇಳಿ ಇಬ್ಬರು ಹಿಂದೆ ಸರಿದಿದ್ದರು; ಒಬ್ಬ ವ್ಯಾಪಾರಿ ಮುಂಗಡ ಕೊಟ್ಟು ಒಪ್ಪಿದ್ದರು. ನಿದ್ದೆ ಸುಧಾರಿಸಿದೆ, ಉದ್ಯೋಗ ಮುಂದುವರಿದಿದೆ. ಆದರೆ ಹತ್ತಿರದ ಬಂಧುಗಳ ಬಳಿ ಹಣ ಕೇಳುವುದು ಅವರಿಂದ ಇನ್ನೂ ಆಗಿಲ್ಲ. ಮುಂದಿನ ಭೇಟಿಯನ್ನು ಅದಕ್ಕೆಂದೇ ಇರಿಸಿಕೊಂಡಿದ್ದೇವೆ.