ಒಬ್ಬರಿಗೆ 5 ಜಿಗೇ ಕಣ್ಣು ಕತ್ತಲೆ, ಇನ್ನೊಬ್ಬರು 46 ಜಿ ತಡೆದರು: ಎರಡೂ ನಿಜ

ನೀವು ಕೇಳಿದ್ದು ಇಷ್ಟು: ಯಲಹಂಕದ ಏರೋ ಇಂಡಿಯಾ ನೋಡಿ ಬಂದಿರಿ, ಪೈಲಟ್‌ಗಳು 9 ಜಿ (ಅಂದರೆ ದೇಹದ ತೂಕ ಒಂಬತ್ತು ಪಟ್ಟಾದಂಥ ಒತ್ತಡ) ತಡೆಯೋದೇ ಕಷ್ಟ ಅಂತ ಯಾರೋ ಹೇಳಿದರು. ಹಾಗಿದ್ದರೆ ಒಬ್ಬ ಅಮೆರಿಕನ್ 46 ಜಿ ತಡೆದು ಬದುಕಿದ ಅನ್ನೋದು ಸುಳ್ಳಲ್ವಾ?

ಸುಳ್ಳಲ್ಲ. ನಾನು ಇಲ್ಲಿ ಬೆಂಗಳೂರಿನಲ್ಲೇ ಫಿಸಿಯಾಲಜಿ ಪಾಠ ಮಾಡುತ್ತೇನೆ. ನನ್ನ ವಿದ್ಯಾರ್ಥಿಗಳಿಗೂ ಮೊದಲು ಹೇಳೋದು ಇದನ್ನೇ: ಎಷ್ಟು ಜಿ ಅಂತ ಮಾತ್ರ ಕೇಳಬೇಡಿ, ಯಾವ ದಿಕ್ಕಿಗೆ, ಎಷ್ಟು ಹೊತ್ತು ಅಂತಲೂ ಕೇಳಿ.

ಯುದ್ಧವಿಮಾನ ಜೋರಾಗಿ ತಿರುಗಿದಾಗ ಒತ್ತಡ ತಲೆಯಿಂದ ಕಾಲಿನ ಕಡೆಗೆ. ಇಲ್ಲಿ ಸೋಲುವುದು ಮೂಳೆಯಲ್ಲ, ರಕ್ತದ ಓಟ. ನಮ್ಮ ಮನೆಗಳಲ್ಲಿ ಸಂಪಿನ ನೀರನ್ನು ಟ್ಯಾಂಕಿಗೆ ಏರಿಸುವ ಮೋಟಾರಿನ ಹಾಗೆ, ಹೃದಯ ರಕ್ತವನ್ನು ಸುಮಾರು 30 ಸೆಂ.ಮೀ. ಮೇಲಿನ ಮೆದುಳಿಗೆ ಏರಿಸಬೇಕು. ಒಂದೊಂದು ಜಿಗೂ ಮೆದುಳಿನ ಮಟ್ಟದಲ್ಲಿ ಬಿಪಿ ಹೆಚ್ಚುಕಮ್ಮಿ 22ರಷ್ಟು ಇಳಿಯುತ್ತದೆ. ಹೃದಯದ ಹತ್ತಿರ ಇರೋದೇ 120. ಐದು ಜಿ ಹೊತ್ತಿಗೆ ಉಳಿಯೋದು ಏನು, ನೀವೇ ಲೆಕ್ಕ ಹಾಕಿ.

ಮೊದಲು ಹೋಗುವುದು ಕಣ್ಣು. ಕಣ್ಣುಗುಡ್ಡೆಯೊಳಗೇ ಸ್ವಲ್ಪ ಒತ್ತಡ ಇರುವುದರಿಂದ ರಕ್ತ ಅಲ್ಲಿಗೆ ನುಗ್ಗುವುದು ಇನ್ನೂ ಕಷ್ಟ. ಬಣ್ಣ ಮಾಸುತ್ತದೆ, ಅಂಚುಗಳು ಕಿರಿದಾಗುತ್ತವೆ, ಆಮೇಲೆ ಪೂರ್ತಿ ಕತ್ತಲೆ. ಆಗಲೂ ಎಚ್ಚರ ಇರುತ್ತದೆ, ಕಿವಿ ಕೇಳುತ್ತಿರುತ್ತದೆ. ಜಿ ಇನ್ನೂ ಏರಿದರೆ ಎಚ್ಚರವೂ ತಪ್ಪುತ್ತದೆ. ಮೆದುಳಿನಲ್ಲಿ ಉಳಿದಿರುವ ಆಮ್ಲಜನಕ ಐದಾರು ಸೆಕೆಂಡಿಗೆ ಮಾತ್ರ ಸಾಕು. ಏಕಾಏಕಿ ಜಿ ಏರಿಸಿದರೆ ಕಣ್ಣಿನ ಎಚ್ಚರಿಕೆ ಕೂಡ ಸಿಗದೆ ಪೈಲಟ್ ನೇರವಾಗಿ ಪ್ರಜ್ಞೆ ಕಳೆದುಕೊಳ್ಳಬಹುದು. ನನಗೆ ತುಂಬಾ ಭಯ ಅನ್ನಿಸೋದು ಇದೇ.

ಈಗ ನಿಮ್ಮ ಅಮೆರಿಕನ್. ಅವರು ಜಾನ್ ಸ್ಟ್ಯಾಪ್, ವಾಯುಪಡೆಯ ವೈದ್ಯರು. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೋದಲ್ಲಿ, ಹಳಿಯ ಮೇಲೆ ಓಡುವ ರಾಕೆಟ್ ಬಂಡಿಯಲ್ಲಿ ಕೂತರು. ಗಂಟೆಗೆ ಸುಮಾರು 1,017 ಕಿ.ಮೀ. ವೇಗದಲ್ಲಿದ್ದ ಬಂಡಿ 1.4 ಸೆಕೆಂಡಿನಲ್ಲಿ ನಿಂತಿತು. ಆ ಒತ್ತಡ ಎದೆ-ಬೆನ್ನಿನ ದಿಕ್ಕಿನಲ್ಲಿತ್ತು, ಹಾಗಾಗಿ ರಕ್ತ ಕಾಲಿಗೆ ಇಳಿಯಲಿಲ್ಲ. ಇಳಿಯೋಕೆ ಸಮಯವೂ ಇರಲಿಲ್ಲ. ಕಣ್ಣಿನ ರಕ್ತನಾಳಗಳು ಒಡೆದು ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ, ಆಮೇಲೆ ದೃಷ್ಟಿ ಮರಳಿತು. ಅವರು ತೀರಿಕೊಂಡಿದ್ದು 1999ರಲ್ಲಿ, 89ನೇ ವಯಸ್ಸಿನಲ್ಲಿ. ಕಾರಿನ ಸೀಟ್‌ಬೆಲ್ಟಿಗಾಗಿ ಅವರು ಮಾಡಿದ ಹೋರಾಟವೂ ದೊಡ್ಡದು, ಅದರ ಬಗ್ಗೆಯೂ ಓದಿ.

ಗಗನಯಾತ್ರಿಗಳನ್ನು ಅಂಗಾತ ಮಲಗಿಸಿ ಕಳಿಸೋದಕ್ಕೂ ಕಾರಣ ಈ ದಿಕ್ಕೇ.

ಪೈಲಟ್ ಮಲಗಿ ವಿಮಾನ ಓಡಿಸೋಕಾಗಲ್ಲ ಅಲ್ವಾ? ಹಾಗಾಗಿ ಜಿ-ಸೂಟ್ ಇದೆ. ಜಿ ಏರಿದಾಗ ಅದರೊಳಗೆ ಗಾಳಿ ತುಂಬಿ ಕಾಲು, ಹೊಟ್ಟೆಯನ್ನು ಬಿಗಿಯಾಗಿ ಹಿಂಡುತ್ತದೆ. ಇದರಿಂದ ಸಿಗೋದು ಒಂದು, ಒಂದೂವರೆ ಜಿ ಅಷ್ಟೇ. ಉಳಿದದ್ದು ಪೈಲಟ್‌ನ ಶ್ರಮ. ಜಿ ಏರುವ ಮೊದಲೇ ಮೀನಖಂಡ, ತೊಡೆ, ಪೃಷ್ಠ, ಹೊಟ್ಟೆ ಎಲ್ಲವನ್ನೂ ಗಟ್ಟಿ ಬಿಗಿ ಹಿಡಿಯಬೇಕು. ಉಸಿರೆಳೆದು ಗಂಟಲಲ್ಲಿ ತಡೆದು ತಿಣುಕಬೇಕು. ಮೂರು ಸೆಕೆಂಡಿಗೊಮ್ಮೆ ಥಟ್ಟನೆ ಸ್ವಲ್ಪ ಬಿಟ್ಟು ಮತ್ತೆ ಎಳೆಯಬೇಕು. ಸುಮ್ನೆ ದೀರ್ಘವಾಗಿ ಉಸಿರು ಬಿಟ್ಟರೆ ಎದೆಯ ಒತ್ತಡ ಕುಸಿದು ರಕ್ತ ಕೆಳಗೆ ಹೋಗುತ್ತದೆ.

ಇದನ್ನೆಲ್ಲ ಕಲಿಸುವ ದೊಡ್ಡ ಸೆಂಟ್ರಿಫ್ಯೂಜ್ (ಮನುಷ್ಯರನ್ನು ಕೂರಿಸಿ ಗಿರಗಿರನೆ ತಿರುಗಿಸಿ ಜಿ ಏರಿಸುವ ಯಂತ್ರ) ನಮ್ಮ ವಿಮಾನಪುರದಲ್ಲೇ ಇದೆ, ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ. ಅಲ್ಲಿ ಕಲಿತವರೂ ನಿದ್ದೆಗೆಟ್ಟು, ಊಟ ಬಿಟ್ಟು, ನೀರು ಕಡಿಮೆ ಕುಡಿದು ಹಾರಿದರೆ ನಿನ್ನೆ ತಡೆದಷ್ಟು ಜಿ ಇವತ್ತು ತಡೆಯಲಾರರು.