ಹೆದರಿಕೆ ಇರಲಿ ಬಿಡಿ

ಓದುಗರ ಪತ್ರ: ಮೂರು ವರ್ಷದಿಂದ ತಿಂಗಳಿಗಿಷ್ಟು ಅಂತ ಇಂಡೆಕ್ಸ್ ಫಂಡಿಗೆ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳ ಷೇರನ್ನೆಲ್ಲ ಒಟ್ಟಿಗೆ ಕೊಳ್ಳುವ ನಿಧಿಗೆ) ಹಾಕುತ್ತಿದ್ದೆ. ಷೇರು ಪೇಟೆ ಬಿದ್ದಾಗ ವಾರಗಟ್ಟಲೆ ನಿದ್ದೆ ಇರಲಿಲ್ಲ. ಕೊನೆಗೆ ಎಲ್ಲ ಮಾರಿದೆ. ಮಾರಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು, ಅದೇ ನಾಚಿಕೆ. ಸ್ವಲ್ಪ ದಿನಕ್ಕೆ ಪೇಟೆ ಮತ್ತೆ ಮೇಲೆದ್ದಿತು. ಇತ್ತ ನನ್ನ ಸಹೋದ್ಯೋಗಿಯೊಬ್ಬರು ದಿನಾ ಷೇರು ಕೊಂಡು ಮಾರಿ ದುಡ್ಡು ಮಾಡುತ್ತಿದ್ದಾರೆ. ಮನಸ್ಸು ಗಟ್ಟಿ ಮಾಡಿಕೊಳ್ಳುವುದು ಹೇಗೆ? ಯಾವ ದಾರಿ ಹಿಡಿಯಲಿ? ಮಾರಿದ ದುಡ್ಡನ್ನು ಈಗಲೇ ಹಾಕಲೇ, ಇನ್ನೊಮ್ಮೆ ಬೀಳಲಿ ಅಂತ ಕಾಯಲೇ?
(ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ)

ಸಂಪಾದಕರ ಉತ್ತರ:

ದುಡ್ಡಿನ ಬಗ್ಗೆ ನಮಗೆ ಬರೆಯುವವರು ಸಾಮಾನ್ಯವಾಗಿ ತಾವು ಗೆದ್ದದ್ದನ್ನು ಬರೆಯುತ್ತಾರೆ. ಇಲ್ಲವೇ ಬೇರೆಯವರು ತಮಗೆ ಮೋಸ ಮಾಡಿದ್ದನ್ನು. ಮಾರಿದ ರಾತ್ರಿ ನಿದ್ದೆ ಬಂತು ಅಂತ ಒಪ್ಪಿಕೊಳ್ಳುವವರು ಅಪರೂಪ. ಅದಕ್ಕೇ ನಿಮ್ಮ ಪತ್ರ ಆರಿಸಿದೆ. ನಾಚಿಕೆಪಡುವಂಥದ್ದು ಅದರಲ್ಲಿ ಏನೂ ಇಲ್ಲ. ನನ್ನ ತಕರಾರು ಇರುವುದು ನಿಮ್ಮ ಮೊದಲ ಪ್ರಶ್ನೆಯ ಮೇಲೆ.

ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಅಂತ ನಿಮಗೆ ಹೇಳಿದವರು ಯಾರು? ಡೇನಿಯಲ್ ಕಾನಮನ್ ಮತ್ತು ಏಮೊಸ್ ಟ್ವೆರ್ಸ್ಕಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು 1979ರಲ್ಲೇ ಈ ವಿಷಯ ಕೈಗೆತ್ತಿಕೊಂಡಿದ್ದರು. ನೂರು ಬಂದಾಗಿನ ಖುಷಿಗಿಂತ ನೂರು ಹೋದಾಗಿನ ಸಂಕಟ ಜಾಸ್ತಿ. ಸುಮಾರು ಎರಡು ಪಟ್ಟು ಅಂತ ಆಮೇಲೆ ಲೆಕ್ಕ ಹಾಕಿದರು. ಮನುಷ್ಯರು ಇರುವುದೇ ಹಾಗೆ. ಇದನ್ನು ಸಂಕಲ್ಪದಿಂದ ಗೆಲ್ಲುತ್ತೇನೆ ಅಂತ ಹೊರಡುವುದು ಸುಮ್ನೆ ದಂಡ.

ಬುದ್ಧಿ ಇದ್ದರೆ ಪಾರಾಗಬಹುದು ಅಂತೀರಾ? ಐಸಾಕ್ ನ್ಯೂಟನ್‌ಗಿಂತ ಬುದ್ಧಿವಂತರನ್ನು ಎಲ್ಲಿಂದ ತರೋಣ? ಆತ ಇಂಗ್ಲೆಂಡಿನ ಟಂಕಸಾಲೆಯ ಮುಖ್ಯಸ್ಥ ಬೇರೆ. ದುಡ್ಡು ಅಂದರೇನು ಅಂತ ಗೊತ್ತಿಲ್ಲದವನಲ್ಲ. 1720ರಲ್ಲಿ ಸೌತ್ ಸೀ ಕಂಪನಿಯ ಷೇರನ್ನು ಒಳ್ಳೆಯ ಲಾಭಕ್ಕೆ ಮಾರಿ ಹೊರಗೆ ಬಂದಿದ್ದ. ಬೆಲೆ ಇನ್ನೂ ಏರುತ್ತಲೇ ಹೋಯಿತು. ಸುತ್ತಲಿನವರೆಲ್ಲ ಸಿರಿವಂತರಾಗುತ್ತಿರುವುದನ್ನು ನೋಡಿಕೊಂಡು ಕೂರಲು ಆಗಲಿಲ್ಲ. ಬೆಲೆ ನೆತ್ತಿಗೇರಿದ್ದಾಗ ಮತ್ತೆ ಕೊಂಡ. ಗುಳ್ಳೆ ಒಡೆಯಿತು, ಚೆನ್ನಾಗಿಯೇ ಕೈ ಸುಟ್ಟುಕೊಂಡ. ನೀವು ಭಯಕ್ಕೆ ಮಾರಿದಿರಿ, ಆತ ಹೊಟ್ಟೆಕಿಚ್ಚಿಗೆ ಕೊಂಡ. ಅಷ್ಟೇ ವ್ಯತ್ಯಾಸ.

ಹ್ಯಾರಿ ಮಾರ್ಕೊವಿಟ್ಜ್ ಕಥೆ ನನಗೆ ಇನ್ನೂ ಇಷ್ಟ. ಯಾವುದರಲ್ಲಿ ಎಷ್ಟು ಹಾಕಿದರೆ ಅಪಾಯಕ್ಕೆ ತಕ್ಕ ಲಾಭ ಬರುತ್ತದೆ ಅಂತ ಗಣಿತ ಕಟ್ಟಿಕೊಟ್ಟವರು. ಅದಕ್ಕೇ 1990ರಲ್ಲಿ ನೊಬೆಲ್ ಬಂತು. ಅಂಥವರು ತಮ್ಮ ನಿವೃತ್ತಿಯ ದುಡ್ಡನ್ನು ಹೇಗೆ ಹಂಚಿದ್ದರು ಗೊತ್ತೇ? ಅರ್ಧ ಷೇರಿಗೆ, ಅರ್ಧ ಬಾಂಡಿಗೆ, ಅಂದರೆ ಬಡ್ಡಿ ಕೊಡುವ ಸಾಲಪತ್ರಕ್ಕೆ. ಪೇಟೆ ಏರಿದಾಗ ಒಳಗೆ ಇರಲಿಲ್ಲವಲ್ಲ ಅಂತಲೂ, ಬಿದ್ದಾಗ ಪೂರ್ತಿ ಒಳಗೇ ಇದ್ದೆನಲ್ಲ ಅಂತಲೂ ಮುಂದೆ ಕೊರಗಬಾರದು, ಅದಕ್ಕೆ ಹಾಗೆ ಮಾಡಿದೆ ಎಂದು ಅವರೇ ಹೇಳಿದ್ದರು. ತಮ್ಮದೇ ಸೂತ್ರ ಪಕ್ಕಕ್ಕಿಟ್ಟು ತಮ್ಮ ಮನಸ್ಸಿಗೆ ಹೊಂದುವ ಲೆಕ್ಕ ಹಿಡಿದರು. ನನ್ನ ಪಕ್ಷ ಇದೇ. ಹೆದರಿಕೆಯನ್ನು ಓಡಿಸಲು ಹೋಗಬೇಡಿ, ಹೆದರಿದರೂ ಕೆಡದಂಥ ದಾರಿ ಆರಿಸಿಕೊಳ್ಳಿ.

ಈಗ ನಿಮ್ಮ ಸಹೋದ್ಯೋಗಿ. ಕಂಪನಿಯ ಲೆಕ್ಕಪತ್ರ ಓದಿ, ಶ್ರಮಪಟ್ಟು, ಆರಿಸಿ ಕೊಂಡು ಗೆದ್ದವರು ಇದ್ದಾರೆ. ಇಲ್ಲ ಅನ್ನುವುದಿಲ್ಲ. ಅವರಿಗೆ ನಮಸ್ಕಾರ. ಆದರೆ ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಓಡೀನ್ ಎಂಬ ಇಬ್ಬರು ಸಂಶೋಧಕರು ಅಮೆರಿಕದಲ್ಲಿ 66,465 ಕುಟುಂಬಗಳ ಷೇರು ಖಾತೆಗಳನ್ನು 1991ರಿಂದ 1996ರವರೆಗೆ ಕೂತು ಪರಿಶೀಲಿಸಿದರು. ಆ ಕಾಲದಲ್ಲಿ ಪೇಟೆ ವರ್ಷಕ್ಕೆ ಶೇ 17.9ರಂತೆ ಏರಿತ್ತು. ಎಲ್ಲರಿಗಿಂತ ಜಾಸ್ತಿ ಕೊಂಡು ಮಾರಿದವರ ಕೈಗೆ ಸಿಕ್ಕಿದ್ದು ಶೇ 11.4. ಏನೂ ಮಾಡದೆ ಕೂತಿದ್ದರೆ ಇನ್ನಷ್ಟು ಸಿಗುತ್ತಿತ್ತು, ಅಲ್ವಾ? ಓಡೀನ್ ಅವರದೇ ಇನ್ನೊಂದು ಅಧ್ಯಯನ ಉಂಟು. ಜನ ಲಾಭದಲ್ಲಿರುವ ಷೇರನ್ನು ಬೇಗ ಮಾರಿ, ನಷ್ಟದಲ್ಲಿರುವುದನ್ನು ಎದೆಗವಚಿಕೊಂಡು ಕೂರುತ್ತಾರೆ ಅಂತ ಅದರಲ್ಲಿ ತೋರಿಸಿದರು. ಹಾಗಾಗಿ ನಿಮ್ಮ ಸಹೋದ್ಯೋಗಿ ಊಟದ ಹೊತ್ತಲ್ಲಿ ಹೇಳುವುದು ಮಾರಿದ ಷೇರಿನ ಕಥೆಯೇ ಇರಬೇಕು. ಮಾರದೆ ಉಳಿದದ್ದರ ಕಥೆ ಒಮ್ಮೆ ಕೇಳಿ ನೋಡಿ. ಬೇಜಾರಾದರೆ ನನ್ನ ಹೆಸರು ಹೇಳಿ.

ನಿಮ್ಮನ್ನು ಒಂದು ಮಾತು ಕೇಳಲೇಬೇಕು. ಫೋನಿನ ಆ್ಯಪಿನಲ್ಲಿ ಬೆಲೆಯನ್ನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಿರಿ? ಪತ್ರದಲ್ಲಿ ಬರೆದಿಲ್ಲ, ಆದರೆ ಊಹಿಸಬಲ್ಲೆ. ಹೆಬ್ಬೆರಳಿನಿಂದ ಪರದೆಯನ್ನು ಕೆಳಗೆಳೆದು ಬಿಡುವುದು. ಸಣ್ಣ ಚಕ್ರವೊಂದು ತಿರುಗುವುದು. ಕೆಂಪು ಅಂಕಿ. ಮತ್ತೆ ಎಳೆದು ಬಿಡುವುದು. ಪೇಟೆ ಮುಚ್ಚಿದ ಮೇಲೂ ಎಳೆಯುವವರನ್ನು ನೋಡಿದ್ದೇನೆ! ಅಮೆರಿಕದ ಪೇಟೆಯ ಹಳೆಯ ಲೆಕ್ಕ ತೆಗೆದರೆ, ದಿನಾ ನೋಡುವವನಿಗೆ ಏರಿದ ದಿನ, ಇಳಿದ ದಿನ ಹೆಚ್ಚುಕಮ್ಮಿ ಸರಿಸಮ. ವರ್ಷಕ್ಕೊಮ್ಮೆ ನೋಡುವವನಿಗೆ ನಾಲ್ಕು ವರ್ಷದಲ್ಲಿ ಸುಮಾರು ಮೂರು ವರ್ಷ ಏರಿಕೆಯೇ ಕಾಣುತ್ತದೆ. ಪೇಟೆ ಅದೇ, ದುಡ್ಡೂ ಅದೇ. ಆದರೆ ದಿನಾ ನೋಡುವವನು ಆ ಎರಡು ಪಟ್ಟು ಸಂಕಟವನ್ನು ದಿನ ಬಿಟ್ಟು ದಿನ ಉಣ್ಣುತ್ತಾನೆ. 2020ರಲ್ಲಿ ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಅಮೆರಿಕದ ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಶೇ 34ರಷ್ಟು ಕುಸಿಯಿತು. ಆಗಸ್ಟ್ ಹೊತ್ತಿಗೆ ಹಳೆಯ ಎತ್ತರಕ್ಕೆ ಮರಳಿತು. ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ನೋಡುವವನಿಗೆ ಅದು ಒಳ್ಳೆಯ ವರ್ಷ.

ಕಾದರೆ ಸಾಕು, ಎಲ್ಲ ಸರಿಹೋಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರಿನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಒಂದು ಆಯುಷ್ಯದ ದುಡಿಮೆಯೇ ಮುಗಿದುಹೋಗುವಷ್ಟು ಕಾಲ. ಅದಕ್ಕೇ ಒಂದೇ ದೇಶದ ಷೇರಿನಲ್ಲಿ ಎಲ್ಲ ಇಡಬಾರದು. ಮುಂದಿನ ನಾಲ್ಕೈದು ವರ್ಷದಲ್ಲಿ ಬೇಕಾಗುವ ದುಡ್ಡು ಷೇರಿನ ಹತ್ತಿರವೂ ಸುಳಿಯಬಾರದು. ಬಡ್ಡಿ ಜಾಸ್ತಿ ಇರುವ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಉಳಿದದ್ದರಲ್ಲಿ ಷೇರಿನ ಪಾಲು ಎಷ್ಟು ಅಂತ ಕೇಳಿದರೆ, ಆ ಪಾಲು ಅರ್ಧಕ್ಕೆ ಇಳಿದರೂ ಮಾರದೆ ಇರುವಷ್ಟು. ನೀವು ಒಮ್ಮೆ ಮಾರಿದ್ದೀರಿ, ಅಂದರೆ ನಿಮ್ಮ ಪಾಲು ನಿಮ್ಮ ಅಳತೆಗೆ ದೊಡ್ಡದಿತ್ತು. ಕಡಿಮೆ ಮಾಡಿ. ಲಾಭವೂ ಕಡಿಮೆ ಬರುತ್ತದೆ, ಬರಲಿ.

ಇದನ್ನೆಲ್ಲ ನಿಮಗೆ ಯಾರೂ ಹೇಳಲಿಲ್ಲ ಅನ್ನುವುದು ನನ್ನ ಹೊಟ್ಟೆಯುರಿ. ಹೇಳಿದರೆ ಅವರಿಗೇನು ಲಾಭ? ನೀವು ಸುಮ್ಮನಿದ್ದರೆ ದಲಾಲಿ ಹುಟ್ಟುವುದಿಲ್ಲ. ಟಿವಿಯವರಿಗೆ ನೋಡುಗರಿಲ್ಲ, ಪರದೆಯ ಕೆಳಗೆ ಓಡುವ ಅಂಕಿಗಳಿಗೆ ಕೆಲಸವಿಲ್ಲ. ಸಾಮಾನ್ಯ ಹೂಡಿಕೆದಾರರಿಗಾಗಿ ಜಾನ್ ಬೋಗಲ್ 1976ರಲ್ಲಿ ಮೊದಲ ಇಂಡೆಕ್ಸ್ ಫಂಡ್ ತಂದಾಗ 15 ಕೋಟಿ ಡಾಲರ್ ಕೂಡಿಸುವ ಆಸೆ ಇತ್ತು. ಬಂದದ್ದು ಸುಮಾರು 1.1 ಕೋಟಿ. ಜನ ಅದನ್ನು ಬೋಗಲ್ಲನ ಹುಚ್ಚುತನ ಅಂದರು. ಎಲ್ಲದರಲ್ಲೂ ಈಗ ಇದೇ ಪಾಡು. ಓದುವ ಮಗುವಿಗೆ ವಾರಕ್ಕೊಂದು ಪರೀಕ್ಷೆ, ಹೊಸ ತರಬೇತುದಾರನಿಗೆ ಎರಡು ಪಂದ್ಯದ ಗಡುವು, ಸುದ್ದಿಗೆ ಗಂಟೆಗೊಂದು ತಿರುವು. ಏನಾದರೂ ಮಾಡುತ್ತಿರಬೇಕು, ಇಲ್ಲದಿದ್ದರೆ ಸೋಮಾರಿ. ನಮ್ಮ ಪತ್ರಿಕೆಗೂ ‘ಈ ತಿಂಗಳು ಕೊಳ್ಳಬೇಕಾದ ಷೇರುಗಳು’ ಅಂತ ಅಂಕಣ ಹಾಕಿ ಎಂದು ಒತ್ತಾಯ ಬರುತ್ತಲೇ ಇದೆ. ನಾನಿರುವತನಕ ಹಾಕುವುದಿಲ್ಲ.

ಉಳಿದದ್ದು ನಿಮ್ಮ ಕೊನೆಯ ಪ್ರಶ್ನೆ. ಹಳೆಯ ಲೆಕ್ಕದ ಪ್ರಕಾರ, ಕೈಲಿರುವ ದುಡ್ಡನ್ನು ಕಂತು ಮಾಡದೆ ಒಮ್ಮೆಗೇ ಹಾಕಿದವರೇ ಹೆಚ್ಚು ಸಲ ಗೆದ್ದಿದ್ದಾರೆ. ಆದರೂ ನಿಮಗೆ ಅದನ್ನು ಹೇಳಲಾರೆ. ಹಾಕಿದ ಮರುವಾರವೇ ಪೇಟೆ ಬಿದ್ದರೆ ನೀವು ಮತ್ತೆ ಮಾರುತ್ತೀರಿ. ಆರು ಕಂತು ಮಾಡಿ. ಬೀಳಲಿ ಅಂತ ಕಾಯಬೇಡಿ, ಬಿದ್ದಾಗ ಇನ್ನೂ ಬೀಳಲಿ ಅನಿಸುತ್ತದೆ. ಆರು ತಾರೀಖು ಈವತ್ತೇ ಗೊತ್ತುಮಾಡಿ, ದುಡ್ಡು ಖಾತೆಯಿಂದ ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಡಿ. ಆಮೇಲೆ ಆ ಆ್ಯಪನ್ನು ಫೋನಿನಿಂದ ತೆಗೆದುಹಾಕಿ.